ಪರೇಡಿನ ದಿನ ನಾನು ಆಡಿದ ಮಾತು

ಎಂಟು ವರ್ಷಗಳ ಹಿಂದೆ, ಮುಂಬಯಿಯ ಮಾಟುಂಗಾದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ನನ್ನೊಡನೆ ಹಿಂದಿರುಗುತ್ತಿದ್ದ ಚಿಕ್ಕಮ್ಮನ ಕೊರಳಿನ ಸರವನ್ನು ಡೊಂಬಿವಲಿ ನಿಲ್ದಾಣದ ಸೇತುವೆಯ ಮೇಲೆ ಯುವಕನೊಬ್ಬ ಕಿತ್ತುಕೊಂಡು ಓಡಿದನು. ಆ ಸಂಜೆಯ ನೂಕುನುಗ್ಗಲಿನಲ್ಲಿ ಅವನ ಮುಖ ನನಗೆ ಕಂಡದ್ದು ಎರಡು ಮೂರು ಕ್ಷಣ ಮಾತ್ರ, ಅದೂ ಓರೆಯಾಗಿ. ಐದು ವಾರಗಳ ನಂತರ ಜೈಲಿನಲ್ಲಿ ಗುರುತು ಪತ್ತೆ ಪರೇಡ್ ನಡೆಯಿತು. ಸಾಲಾಗಿ ನಿಂತವರ ಮುಂದೆ ಎರಡು ಸಲ ನಡೆದು, ‘ಇವನಿರಬಹುದು’ ಎಂದು ಒಬ್ಬನನ್ನು ತೋರಿಸಿದೆ. ಹೊರಗೆ ಬಂದಾಗ ಪೇದೆಯೊಬ್ಬರು, ‘ಬರೋಬರ್ ಓಳಖಲತ್’, ಸರಿಯಾಗಿ ಗುರುತಿಸಿದಿರಿ, ಎಂದು ಮೆಚ್ಚಿದರು. ಎರಡು ವರ್ಷಗಳ ಬಳಿಕ ನ್ಯಾಯಾಲಯದಲ್ಲಿ ಅದೇ ವ್ಯಕ್ತಿಯತ್ತ ಕೈತೋರಿಸಿ ‘ಇವನೇ’ ಎಂದೆ. ನಾನು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ನನ್ನಲ್ಲಿ ಎಳ್ಳಷ್ಟೂ ಸಂದೇಹ ಉಳಿದಿರಲಿಲ್ಲ.

ಆ ಸಂದೇಹ ಎಲ್ಲಿ ಕರಗಿತೆಂಬುದು ನನಗೆ ತಿಳಿದದ್ದು, ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದಾಗ. ಅದರಲ್ಲಿ ಭಾಗವಹಿಸಿದವರಿಗೆ ಮೊದಲು ವ್ಯಕ್ತಿಯೊಬ್ಬನ ವಿಡಿಯೊ ತೋರಿಸಿ, ಆಮೇಲೆ ಕೆಲವು ಫೋಟೊಗಳಲ್ಲಿ ಅವನನ್ನು ಗುರುತಿಸಲು ಹೇಳಿದರು. ಆ ಫೋಟೊಗಳಲ್ಲಿ ಅವನ ಚಿತ್ರವೇ ಇರದಿದ್ದರಿಂದ ಆರಿಸಿದವರೆಲ್ಲರೂ ತಪ್ಪನ್ನೇ ಆರಿಸಿದ್ದರು. ಆದರೂ ‘ಸರಿಯಾಗಿ ಗುರುತಿಸಿದಿರಿ’ ಎಂಬ ಮಾತು ಕಿವಿಗೆ ಬಿದ್ದವರು, ತಮಗೆ ಮೊದಲಿನಿಂದಲೂ ಖಚಿತವಿತ್ತೆಂದೂ ಮುಖ ಸ್ಪಷ್ಟವಾಗಿಯೇ ಕಂಡಿತ್ತೆಂದೂ ಹೆಚ್ಚಾಗಿ ಹೇಳಿದರು. ಪೇದೆಯ ಒಂದು ಮೆಚ್ಚುಗೆ ನನ್ನ ನೆನಪನ್ನೇ ತಿದ್ದಿಬಿಟ್ಟಿತ್ತೆಂದು ನಾನು ನಂಬುತ್ತೇನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿ ಅಡಾಲ್ಫ್ ಬೆಕ್ ಎಂಬಾತನನ್ನು 1896ರಲ್ಲಿ ಹಲವು ಮಹಿಳೆಯರು ತಮ್ಮನ್ನು ವಂಚಿಸಿದವನೆಂದು ಗುರುತಿಸಿದರು. ಅವನು ಶಿಕ್ಷೆ ಅನುಭವಿಸಿ ಹೊರಬಂದ ಮೇಲೆ 1904ರಲ್ಲಿ ಮತ್ತೆ ಅದೇ ಆರೋಪ, ಅದೇ ಬಗೆಯ ಗುರುತು. ನಿಜವಾದ ವಂಚಕ ಬೇರೊಬ್ಬನೆಂದು ಆಮೇಲೆ ತಿಳಿಯಿತು. ಅಷ್ಟೊಂದು ಸಾಕ್ಷಿಗಳು ಒಂದೇ ಮಾತನ್ನಾಡಿದರೆ ಯಾವ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ, ತಾನೇ ನಂಬದೆ ಇರುತ್ತದೆ? ಅಲ್ಲಿನ ಮೇಲ್ಮನವಿ ನ್ಯಾಯಾಲಯ 1976ರ ಟರ್ನ್‌ಬುಲ್ ತೀರ್ಪಿನಲ್ಲಿ, ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ, ಎಷ್ಟು ಹೊತ್ತು ನೋಡಿದರು, ಮೊದಲು ಕೊಟ್ಟ ವರ್ಣನೆಗೂ ಆರೋಪಿಯ ಚಹರೆಗೂ ಹೊಂದಾಣಿಕೆ ಇದೆಯೇ ಎಂಬುದನ್ನು ಜ್ಯೂರಿ ಪರಿಶೀಲಿಸಬೇಕೆಂದಿತು. ಮನವೊಪ್ಪುವಂತೆ ಮಾತಾಡುವ ಸಾಕ್ಷಿಯೂ ತಪ್ಪಬಹುದೆಂದು ನ್ಯಾಯಾಧೀಶರು ಎಚ್ಚರಿಸಬೇಕೆಂದೂ ಹೇಳಿತು.

ನಮ್ಮಲ್ಲಿ ಜ್ಯೂರಿ ಈಗಿಲ್ಲ. ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲೆ ನಡೆದ ಕೊಲೆ ಮೊಕದ್ದಮೆಯ ನಂತರ ಆ ಪದ್ಧತಿ ಹೆಚ್ಚು ಕಾಲ ಬಾಳಲಿಲ್ಲ. ಆದರೆ ತೂಗುವವರು ಒಬ್ಬರಿರಲಿ, ಹನ್ನೆರಡು ಮಂದಿಯಿರಲಿ, ತಕ್ಕಡಿ ಒಂದೇ. ನಮ್ಮ ಕಾನೂನಿನಲ್ಲಿ ನ್ಯಾಯಾಲಯದೊಳಗೆ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಬೆಂಬಲ ಮಾತ್ರ. ನನ್ನ ಅನುಭವದಲ್ಲಿ ಇದು ತಲೆಕೆಳಗಾಗಿದೆ: ಯಾರ ಮಾತೂ ಸೋಕದಿದ್ದ ಮೊದಲ ಗುರುತಿಗೆ, ಅದರ ಅಳುಕಿನ ಸಮೇತ, ಹೆಚ್ಚಿನ ಬೆಲೆ ಸಲ್ಲಬೇಕು. ಸಾಕ್ಷಿ ಆ ಕ್ಷಣ ಆಡಿದ ಶಬ್ದಗಳನ್ನೇ ಪಂಚನಾಮೆಯಲ್ಲಿ ಬರೆದಿಡಬೇಕು. ಪರೇಡ್ ನಡೆಸುವವರಿಗೆ ಆರೋಪಿ ಯಾರೆಂಬುದೇ ಗೊತ್ತಿರಬಾರದು.

ಸರ ಅವನ ಬಳಿ ಸಿಕ್ಕಿರಲಿಲ್ಲ. ಅವನ ವಿರುದ್ಧ ಇದ್ದದ್ದು ಮುಖ್ಯವಾಗಿ ನನ್ನ ಮಾತು. ಪಾಟೀಸವಾಲಿನಲ್ಲಿ ಸೇತುವೆಯ ದೀಪಗಳ ಬಗ್ಗೆ ಕೇಳಿದರು, ನನ್ನ ಕನ್ನಡಕದ ಬಗ್ಗೆ ಕೇಳಿದರು. ಪರೇಡಿನ ದಿನ ನಾನು ಏನೆಂದು ಹೇಳಿದ್ದೆನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ‘ಇರಬಹುದು’ ಎಂಬ ಶಬ್ದ ನನಗೆ ಅಂದು ನೆನಪಿಗೆ ಬರುತ್ತಿತ್ತೇ ಎಂದು ಈಗಲೂ ಯೋಚಿಸುತ್ತೇನೆ.