"ಲೋಡ್ ಬಂದಿದೆ, ನೋಡಿ": ಯಾರು ನೋಡಬೇಕು?

ದಾವಣಗೆರೆಯಲ್ಲಿ ಮಂಡಿ ಇರಲಿ, ಜವಳಿ ಅಂಗಡಿ ಇರಲಿ, ನರ್ಸಿಂಗ್ ಹೋಂ ಇರಲಿ, ದಿನದ ಕೆಲಸವೆಲ್ಲ ಈಗ ವಾಟ್ಸಾಪ್ ಗ್ರೂಪಿನಲ್ಲೇ. ಮೂವತ್ತು ಜನರ ಗ್ರೂಪಿಗೆ "ಸರ್, ಲೋಡ್ ಬಂದಿದೆ, ಸ್ವಲ್ಪ ನೋಡಿ" ಅಂತ ಹಾಕಿದರೆ ಮೂವತ್ತೂ ಜನ ಓದ್ತಾರೆ, ಇನ್ಯಾರೋ ನೋಡ್ಕೋತಾರೆ ಅಂತ ಸುಮ್ಮನಾಗ್ತಾರೆ. ಲಾರಿ ಗೇಟಿನಲ್ಲೇ ನಿಂತಿರುತ್ತೆ.

ಮೊದಲು @ ಒತ್ತಿ ತೂಕದ ಗುಮಾಸ್ತರ ಹೆಸರು ಆರಿಸಿ. ಆಮೇಲೆ: "ಅಣ್ಣಾ, ಮೆಕ್ಕೆಜೋಳ 2 ಲಾರಿ ಬಂದಿದೆ. ತೇವಾಂಶ ನೋಡಿ 11 ಗಂಟೆಯೊಳಗೆ ಇಲ್ಲೇ ಹಾಕಿ." ಯಾರು, ಏನು, ಎಷ್ಟು, ಎಷ್ಟೊತ್ತಿಗೆ, ಎಲ್ಲ ಎರಡು ಸಾಲಿನಲ್ಲಿ ಬಂತು. ಗ್ರೂಪನ್ನು ಮ್ಯೂಟ್ ಮಾಡಿಟ್ಟವರಿಗೂ @ ಹಾಕಿ ಕರೆದರೆ ಮೊಬೈಲ್ ಸದ್ದು ಮಾಡುತ್ತೆ. ಅದಕ್ಕೇ ಸುಮ್ಮಸುಮ್ಮನೆ ಯಾರನ್ನೂ ಹಾಗೆ ಕರೀಬಾರದು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದು ಮಂಡಿ ಗ್ರೂಪಿನಲ್ಲಿ ನಿಜಕ್ಕೂ ಅಪಾಯ. ಬೆಲೆ, ಬೆಳೆ, ಬೇಳೆ ಮೂರೂ ಅಲ್ಲಿ ಒಂದೇ ಥರ ಕಾಣ್ತವೆ. "Ee sala bele hegide?" ಅಂತ ಕೇಳಿದ್ದು ದರವನ್ನೋ, ಹೊಲದಲ್ಲಿ ನಿಂತ ಪೈರನ್ನೋ, ತೊಗರಿ ಬೇಳೆಯನ್ನೋ? ಕಳಿಸಿ, ಕಲಿಸಿ ಕಥೆಯೂ ಅದೇ. ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡವೇ ಮೂಡುತ್ತೆ. ಮೈಕ್ ಒತ್ತಿ ಹೇಳಿದರೂ ಬರೆದುಕೊಳ್ಳುತ್ತೆ. ಕಳಿಸೋ ಮುಂಚೆ ಅಂಕಿಗಳನ್ನು ಮಾತ್ರ ಒಮ್ಮೆ ಓದಿಕೊಳ್ಳಿ.

ವಾಯ್ಸ್ ಮೆಸೇಜಿನಲ್ಲಿ ದರ, ತೂಕ, ಖಾತೆ ನಂಬರ್ ಹೇಳಲೇಬೇಡಿ. ಹಮಾಲರ ಕೂಗು, ಲಾರಿ ಹಾರ್ನ್ ನಡುವೆ ಇಪ್ಪತ್ತು, ಎಪ್ಪತ್ತು ಯಾವುದಂತ ಗೊತ್ತಾಗಲ್ಲ. ನಾಳೆ ಹುಡುಕಿದರೂ ಸಿಗಲ್ಲ. ತೂಕದ ಚೀಟಿಯನ್ನು ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತೆ, ಸಣ್ಣ ಅಕ್ಷರ ಮಸುಕಾಗುತ್ತವೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.

ಇನ್ನು ಮರ್ಯಾದೆ. ನಮ್ಮ ಕಡೆ ಎದುರಿಗೆ ಸಿಕ್ಕಾಗ "ಬಾರಲೇ" ಅಂದರೆ ಅದು ಸಲಿಗೆ. ದನಿ, ನಗು, ಹೆಗಲ ಮೇಲಿನ ಕೈ ಎಲ್ಲ ಜೊತೆಗಿರುತ್ತೆ. ಪರದೆ ಮೇಲೆ ಅದ್ಯಾವುದೂ ಇಲ್ಲ, ಉಳಿಯೋದು ಬರೀ ಏಕವಚನ, ಅದೂ ಮೂವತ್ತು ಜನರ ಮುಂದೆ. "ಕಳಿಸು"ಗೂ "ಕಳಿಸಿ"ಗೂ ಇರೋದು ಒಂದು ಗುಣಿತದ ವ್ಯತ್ಯಾಸ, ಆದರೆ ಓದುವವರ ಮನಸ್ಸಿನಲ್ಲಿ ಅದು ದಿನವಿಡೀ ಕೂತಿರುತ್ತೆ. ವಯಸ್ಸಿನಲ್ಲಿ ಚಿಕ್ಕವರಿಗೂ, ಕಸ ಗುಡಿಸುವವರಿಗೂ ಗ್ರೂಪಿನಲ್ಲಿ "ಕಳಿಸ್ರಿ" ಅನ್ನೋದೇ ಸರಿ. ತಪ್ಪು ಹೇಳಬೇಕಾದರೆ ಅವರೊಬ್ಬರಿಗೇ ಫೋನ್ ಮಾಡಿ. ಎಲ್ಲರೆದುರು ಬೈದರೆ ಮುಂದಿನ ಸಲ ತಪ್ಪಾದಾಗ ಅವರು ಮುಚ್ಚಿಡ್ತಾರೆ, ನಷ್ಟ ಆಗೋದು ಅಲ್ಲಿಂದ.

ಹೆಬ್ಬೆರಳಿನ ಚಿತ್ರಕ್ಕೆ ಏನರ್ಥ ಅಂತ ಗ್ರೂಪಿನಲ್ಲಿ ಮೊದಲೇ ಮಾತಾಡಿಕೊಂಡಿರಬೇಕು. ಕೆಲವರಿಗೆ "ಓದಿದೆ", ಕೆಲವರಿಗೆ "ಮಾಡ್ತೀನಿ". ಹೊಣೆ ಹೊತ್ತವರು "ಮಾಡ್ತೀನಿ, 4 ಗಂಟೆಗೆ" ಅಂತ ಬರೆಯಲಿ, ಹೆಬ್ಬೆರಳು ಉಳಿದವರಿಗಿರಲಿ. ಸಾವಿನ ಸುದ್ದಿಗೆ ಮಾತ್ರ ಹೆಬ್ಬೆರಳು ಬೇಡವೇ ಬೇಡ. ಸಹೋದ್ಯೋಗಿಯ ತಂದೆ ತೀರಿಕೊಂಡ ಸುದ್ದಿಯ ಕೆಳಗೆ ಇನ್ನೊಬ್ಬರ ಹುಟ್ಟುಹಬ್ಬದ ಕೇಕು ಸಾಲುಗಟ್ಟಿದರೆ ನೋಡಿದವರ ಹೊಟ್ಟೆ ಚುರುಕ್ಕನ್ನುತ್ತೆ. ಆ ದಿನ ಶುಭಾಶಯವನ್ನು ಅವರವರ ನಂಬರಿಗೇ ಕಳಿಸಿದರಾಯ್ತು. ಶುಭೋದಯ, ಹಬ್ಬದ ಚಿತ್ರ, ಬೆಣ್ಣೆದೋಸೆ ಹರಟೆಗೆ ಬೇರೆ ಗ್ರೂಪ್ ಮಾಡಿ. ಹರಟೆ ಬೇಕೇ ಬೇಕು, ಅದಿಲ್ಲದೆ ಜನ ಒಬ್ಬರಿಗೊಬ್ಬರು ಹತ್ತಿರ ಆಗಲ್ಲ. ಆದರೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿ ನಂಬರ್ ಅದರಡಿ ಹೂತುಹೋಗಬಾರದು.

ತಪ್ಪು ಬರೆದರೆ 15 ನಿಮಿಷದೊಳಗೆ ತಿದ್ದಬಹುದು. ಆದರೆ ದರವನ್ನು ಹಾಗೆ ತಿದ್ದಬೇಡಿ. ಹಳೆಯ ಅಂಕಿ ಓದಿದವರು ಆಗಲೇ ಪಾರ್ಟಿಗೆ ಫೋನ್ ಮಾಡಿರಬಹುದು. ಅದೇ ಮೆಸೇಜಿಗೆ ರಿಪ್ಲೈ ಒತ್ತಿ "ತಿದ್ದುಪಡಿ" ಅಂತ ಹೊಸದಾಗಿ ಬರೆಯಿರಿ. ರಜೆ ದಿನ, ಊಟದ ಸರದಿಯಂಥದ್ದಕ್ಕೆ ಪೋಲ್ ಹಾಕಿ. ಎಲ್ಲರೂ ನೋಡಲೇಬೇಕಾದ್ದನ್ನು ಪಿನ್ ಮಾಡಿ, 24 ಗಂಟೆ, 7 ದಿನ ಅಥವಾ 30 ದಿನ ಮೇಲೇ ನಿಲ್ಲುತ್ತೆ.

ಕೆಲಸ ಬಿಟ್ಟವರನ್ನು ಅವತ್ತೇ ಗ್ರೂಪಿನಿಂದ ತೆಗೆಯಿರಿ, ಪಾರ್ಟಿಗಳ ನಂಬರು, ದರ ಎಲ್ಲ ಅಲ್ಲಿರುತ್ತೆ. ತೆಗೆಯೋ ಮುಂಚೆ ಅವರಿಗೊಂದು ಮಾತು ಹೇಳಿ, ಗ್ರೂಪಿನಲ್ಲಿ ಒಂದು ವಂದನೆ ಬರೆಯಲು ಅವಕಾಶ ಕೊಡಿ.