ಕ್ಯೋಟೋಗೆ ಹೊರಡುವ ಮೊದಲು

ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗ್ತೀನಿ ಅಂದಾಗ ನೆಂಟರೆಲ್ಲ ಕೇಳಿದ್ದು ಒಂದೇ: "ಅಲ್ಲಿ ಊಟಕ್ಕೇನು ಮಾಡ್ತೀರಾ?" ನಾವು ಮೊಟ್ಟೆಯನ್ನೂ ಮುಟ್ಟದವರು. ನಾಲ್ಕು ಮಾತು ಬಂದರೆ ಕೇಳಿಯಾದರೂ ತಿನ್ನಬಹುದು ಅಂತ ಬಸವನಗುಡಿಯಲ್ಲಿ ಜಪಾನಿ ಪಾಠಕ್ಕೆ ಸೇರಿದೆ. ಮನೆಯಲ್ಲಿ ಸುಮ್ನೆ ಕೂರೋದೇಕೆ ಅಂತ ಅಮ್ಮನೂ ಬಂದರು.

ಮೇಡಂ ಶುರು ಮಾಡಿದ್ದು ಹಿರಗಾನ ಲಿಪಿಯಿಂದ. ಮೂಲ ಅಕ್ಷರ 46 ಅಷ್ಟೇ. (ಚೀನಾದಿಂದ ಬಂದ ಕಾಂಜಿ ಅಕ್ಷರಗಳದ್ದು ಬೇರೆ ಕತೆ. ದಿನಬಳಕೆಯವು ಅಂತ ಅಲ್ಲಿನ ಸರಕಾರ ಪಟ್ಟಿ ಮಾಡಿರುವುದೇ 2,136. ನಾನು ಆ ಕಡೆ ತಲೆ ಹಾಕಲಿಲ್ಲ.) ಬೋರ್ಡಿನ ಮೇಲೆ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ ಸಾಲುಗಳು ಬಂದವು. "ಇದು ನಮ್ಮ ಕಾಗುಣಿತ ಅಲ್ವಾ?" ಅಂದರು ಅಮ್ಮ. ಅವರು ಹೇಳಿದ್ದು ಸರಿಯೇ. ಅಲ್ಲಿನ ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಅನ್ನುವ ನಮ್ಮ ದೇಶದ ಹಳೇ ಲಿಪಿ ಕಲಿತರಂತೆ. ಅಕ್ಷರಗಳ ಈ ಜೋಡಣೆ ಬಂದದ್ದು ಆ ದಾರಿಯಿಂದ. ಅಮ್ಮ ಕ ಕಿ ಕು ಕೆ ಕೊ ಅಂತ ರಾಗವಾಗಿ ಒಪ್ಪಿಸಿಯೇಬಿಟ್ಟರು.

ವಾಕ್ಯವೂ ಹಾಗೆಯೇ. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ. ಪ್ರಶ್ನೆ ಕೇಳಬೇಕೆ? ಕೊನೆಯಲ್ಲಿ ಒಂದು 'ಕ' ಸೇರಿಸಿದರೆ ಆಯ್ತು, ನಾವು 'ತಿಂತೀರಾ' ಅನ್ನುವ ಹಾಗೆ. ಕ್ಲಾಸಿನ ಹುಡುಗರು ಇಂಗ್ಲಿಷಿನಲ್ಲಿ ಯೋಚಿಸಿ ತಿಪ್ಪರಲಾಗ ಹಾಕುತ್ತಿದ್ದರು. ಅಮ್ಮನಿಗೆ ಆ ಕಷ್ಟವೇ ಇರಲಿಲ್ಲ.

ನಿಜವಾದ ಕಷ್ಟ ಊಟದ್ದು. ಮಾಂಸ, ಮೀನು ಬೇಡ ಅಂತ ಹೇಳಿದರೆ ಸಾಲದಂತೆ. ಮಿಸೋ ಸೂಪಿರಲಿ, ಊದೋನ್ ಶಾವಿಗೆಯ ಸಾರಿರಲಿ, ಸಾಮಾನ್ಯವಾಗಿ ತಳದಲ್ಲಿ 'ದಶಿ' ಇರುತ್ತದೆ. ಹೊಗೆಯಲ್ಲಿ ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು, ಬಿಸಿನೀರಿನಲ್ಲಿ ಹಾಕಿ ತೆಗೆದ ರಸ ಅದು. ಬಟ್ಟಲಲ್ಲಿ ಮೀನಿನ ಚೂರೂ ಕಾಣುವುದಿಲ್ಲ. ಅದಕ್ಕೇ ಮೇಡಂ ಒಂದು ಚೀಟಿ ಬರೆದುಕೊಟ್ಟರು: 'ನಿಕು ತೊ ಸಕಾನ ವ ತಬೆಮಾಸೆನ್. ಸಕಾನ ನೊ ದಶಿ ಮೊ ದಮೆ ದೆಸ್.' ಮಾಂಸ, ಮೀನು ತಿನ್ನೊಲ್ಲ, ಮೀನಿನ ದಶಿಯೂ ಆಗದು. ಅಮ್ಮ ಅದನ್ನು ಕನ್ನಡದಲ್ಲಿ ಬರೆದುಕೊಂಡು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಬಾಯಿಪಾಠ ಮಾಡಿದರು.

ಕ್ಯೋಟೋದ ಕೆಲವು ದೇವಾಲಯಗಳಲ್ಲಿ ಶೋಜಿನ್ ರ್‍ಯೋರಿ ಅನ್ನೋ ಬೌದ್ಧ ಭಿಕ್ಷುಗಳ ಸಸ್ಯಾಹಾರಿ ಊಟ ಸಿಗುತ್ತದೆ. ಮೀನಿನ ಬದಲು ಕೊಂಬು ಅನ್ನುವ ಕಡಲಪಾಚಿಯ ರಸ, ಜೊತೆಗೆ ತೋಫು, ತರಕಾರಿ. ಸಂಪ್ರದಾಯದಂತೆ ಮಾಡಿದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. "ಮಠದ ಊಟ ಅನ್ನು ಮತ್ತೆ," ಅಂದರು ಅಮ್ಮ. ಅವರ ಮುಖದಲ್ಲಿ ಕಳೆ ಬಂದಿದ್ದೇ ಅವತ್ತು.

ರೀತಿ ರಿವಾಜು ಬೇಗ ಮುಗಿಯಿತು. ಚಪ್ಪಲಿ ಹೊರಗೆ ಬಿಡೋದನ್ನ ನಮಗೆ ಯಾರು ಹೇಳಿಕೊಡಬೇಕು? ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಅನ್ನ ಇಡುವ ಕ್ರಮ ಅಂದಾಗ ನಾನು ನೋಟ್ಸ್ ಬರೆಯುತ್ತಿದ್ದೆ. ಅಮ್ಮ ಪೆನ್ನೇ ಎತ್ತಲಿಲ್ಲ. "ತಿಥಿ ದಿನ ಮಾಡೋದನ್ನ ಹಬ್ಬದ ದಿನ ಮಾಡ್ತೀವೇನೋ?"

ಅವರು ಸುತರಾಂ ಒಪ್ಪದ್ದು ಒಂದೇ, ಒನ್ಸೆನ್. ಬಿಸಿನೀರ ಬುಗ್ಗೆಯ ಸ್ನಾನ. ಮೊದಲು ಹೊರಗೆ ಮೈ ತೊಳೆದುಕೊಂಡು ಕೊಳಕ್ಕೆ ಇಳಿಯಬೇಕು ಅನ್ನುವವರೆಗೂ ತಲೆಯಾಡಿಸಿದರು. ಮೈಮೇಲೆ ಬಟ್ಟೆ ಇರಬಾರದು, ಹೆಂಗಸರೆಲ್ಲ ಒಟ್ಟಿಗೇ ಅಂದ ಕೂಡಲೇ ಎದ್ದು ನಿಂತರು. "ನೀನು ಬೇಕಾದ್ರೆ ಹೋಗಿ ಬಾ. ನಾನು ರೂಮಲ್ಲಿ ಬಕೆಟ್ ಇದೆಯಾ ಅಂತ ಕೇಳ್ತೀನಿ. ಜಪಾನಿಯಲ್ಲೇ ಕೇಳ್ತೀನಿ."