ಹೂದಾನಿಗೆ ಅಳತೆ ತೆಗೆದ ಕಥೆ

ಹೋದ ತಿಂಗಳು ತಂಗಿಯ ಮಗಳು ಅಂಗಡಿಗೆ ಬಂದವಳೇ ಕಟಿಂಗ್ ಮೇಜಿನ ಮೇಲೆ ಫೋನ್ ಇಟ್ಟಳು. ಪರದೆಯಲ್ಲಿ ಒಂದು ಪಿಂಗಾಣಿ ಹೂದಾನಿ. "ದೊಡ್ಡಮ್ಮ, ಇದನ್ನ ಜಾಕೆಟ್ ಮಾಡ್ಬೇಕು" ಅಂದಳು.

ಅವಳು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಕೊನೇ ವರ್ಷದ ಪ್ರಾಜೆಕ್ಟು. ನಾನೋ ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿರುವವಳು. "ಬಟ್ಟೆ ಮೇಲೆ ಪ್ರಿಂಟ್ ಹಾಕಿಸ್ಕೊಂಡು ಬಾ, ಹೊಲಿದು ಕೊಡ್ತೀನಿ" ಅಂದೆ. "ಚಿತ್ರ ಅಲ್ಲ ದೊಡ್ಡಮ್ಮ, ಆಕಾರ" ಅಂತ ಮುಖ ಸಿಂಡರಿಸಿದಳು.

ಆ ಹೂದಾನಿಗೆ ಮೇಪಿಂಗ್ ಅಂತ ಹೆಸರು. ಪ್ಲಮ್ ಹೂವಿನ ಒಂದು ರೆಂಬೆ ಹಿಡಿಸುವಷ್ಟು ಸಣ್ಣ ಬಾಯಿ. ಅದರ ಕೆಳಗೇ ದುಂಡಗೆ ಅಗಲವಾಗುವ ಹೆಗಲು. ಆಮೇಲೆ ಇಳಿಯುತ್ತಾ ಸಪೂರ. ಚೀನಾದಲ್ಲಿ ಸಾಂಗ್ ದೊರೆಗಳ ಕಾಲದಲ್ಲೇ ಹೆಸರಾಗಿದ್ದ ಆಕಾರ. ನೋಡುತ್ತಾ ಕೂತರೆ ಟೇಪು ತೆಗೆದು ಅಳತೆ ಬರೆದುಕೊಳ್ಳೋಣ ಅನ್ನಿಸುತ್ತದೆ.

ಇಂಥ ಪಾತ್ರೆಗಳನ್ನು ನಾನು ಎದುರಿಗೇ ನೋಡಿದ್ದೆ. 2015ರಲ್ಲಿ ಮಗ ನ್ಯೂಜೆರ್ಸಿಯಲ್ಲಿದ್ದ. ಸೊಸೆಯ ಬಾಣಂತನ. ಬೀಗಿತ್ತಿ ವಾಪಸ್ ಬಂದ ಮೇಲೆ ನನ್ನ ಪಾಳಿ. ಒಂದು ಭಾನುವಾರ ಮಗ "ಬಟ್ಟೆ ಪ್ರದರ್ಶನ ಇದೆ ಬಾ ಅಮ್ಮ" ಅಂತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋದ. 'ಚೀನಾ: ಥ್ರೂ ದ ಲುಕಿಂಗ್ ಗ್ಲಾಸ್' ಅಂತ ಅದರ ಹೆಸರು. 140ಕ್ಕೂ ಜಾಸ್ತಿ ಉಡುಪುಗಳನ್ನು ಚೀನಾದ ಹಳೇ ಪಾತ್ರೆ, ವಿಗ್ರಹ, ಚಿತ್ರಗಳ ಪಕ್ಕದಲ್ಲೇ ನಿಲ್ಲಿಸಿದ್ದರು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 8 ಲಕ್ಷಕ್ಕೂ ಹೆಚ್ಚು ಜನ ನೋಡಿದರಂತೆ. ನಾವು ಹೋದ ದಿನ ಅದರಲ್ಲಿ ಅರ್ಧ ಜನ ಅಲ್ಲೇ ಇದ್ದ ಹಾಗಿತ್ತು.

ನೀಲಿ-ಬಿಳಿ ಪಿಂಗಾಣಿಯ ವಿಭಾಗಕ್ಕೆ ಬಂದಾಗ ನನ್ನ ಕಾಲು ನಿಂತಿತು. ಇಟಲಿಯ ರಾಬರ್ಟೊ ಕವಾಲಿ 2005ರಲ್ಲಿ ಮಾಡಿದ ರೇಷ್ಮೆ ಗೌನು ಅಲ್ಲಿತ್ತು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಅದು ಮೈಗಂಟಿದ ಗೌನಿನ ಮೇಲೆ ಹೂದಾನಿಯ ಚಿತ್ತಾರ, ಅಷ್ಟೇ. ಬೀಜಿಂಗಿನ ಗುವೊ ಪೇ ಅವರ 2010ರ ಉಡುಪು ಬೇರೆಯೇ. ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಬಟ್ಟೆ ತನ್ನಷ್ಟಕ್ಕೆ ಎದ್ದು ನಿಂತಿತ್ತು. ಅದೇ ಹೆಂಗಸಿನ ಬಂಗಾರದ ಗೌನೊಂದು ಬುದ್ಧ, ಬೋಧಿಸತ್ವರ ವಿಗ್ರಹಗಳ ನಡುವೆ ತಾವರೆಯಂತೆ ಅರಳಿಕೊಂಡಿತ್ತು. ಆ ವರ್ಷ ಪ್ರದರ್ಶನದ ಆರಂಭದ ಔತಣಕ್ಕೆ ಗಾಯಕಿ ರಿಹಾನಾ ಹಾಕಿಕೊಂಡು ಬಂದ ಉದ್ದ ಬಾಲದ ಹಳದಿ ಉಡುಪೂ ಗುವೊ ಪೇ ಅವರದ್ದೇ. 25 ಕೆಜಿ ತೂಕವಂತೆ. ಒಂದು ಅಕ್ಕಿ ಮೂಟೆ ಹೊತ್ತುಕೊಂಡು ಮೆಟ್ಟಿಲು ಹತ್ತಿದ್ದಾಳೆ, ಪುಣ್ಯಾತ್ಗಿತ್ತಿ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಲಿ ಶಿಯಾವೊಫೆಂಗ್ ಅನ್ನುವ ಕಲಾವಿದನ ಕೆಲಸದ ಮುಂದೆ. ಒಡೆದ ಹಳೇ ಪಿಂಗಾಣಿ ಚೂರುಗಳನ್ನು ಮೈಯ ಉಬ್ಬುತಗ್ಗಿಗೆ ಹೊಂದುವಂತೆ ಆರಿಸಿ, ಅಂಚು ಉಜ್ಜಿ, ತೂತು ಕೊರೆದು, ತಂತಿಯಲ್ಲಿ ಪೋಣಿಸಿದ ಉಡುಪು. ಬಟ್ಟಲಿನ ಚೂರಿಗೆ ಬಾಗು ಮೊದಲೇ ಇರುತ್ತದೆ, ಅಲ್ವಾ? ಆ ಬಾಗನ್ನೇ ಎದೆಗೆ, ಹೆಗಲಿಗೆ ಕೂರಿಸಿದ್ದಾನೆ. ನಾನು ಟಕ್ಸ್ ಹಿಡಿದು, ಅಂದರೆ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದು ದುಂಡಗೆ ಮಾಡುವ ಕೆಲಸವನ್ನು ಕುಂಬಾರ ಇನ್ನೂರು ಮುನ್ನೂರು ವರ್ಷದ ಹಿಂದೆ ಮಾಡಿಟ್ಟಿದ್ದ ಹಾಗೆ.

ಇದನ್ನು ಹೇಳಿದಾಗ ತಂಗಿ ಮಗಳು ಫೋನಿನಲ್ಲಿ ಇನ್ನೊಂದು ತೋರಿಸಿದಳು. 1968ರಲ್ಲಿ ಚೀನಾದ ಹೆಬೇ ಪ್ರಾಂತ್ಯದ ಮಾಂಚೆಂಗ್‌ನಲ್ಲಿ ಲಿಯು ಶೆಂಗ್ ಅನ್ನುವ ಹಾನ್ ವಂಶದ ರಾಜಕುಮಾರನ ಸಮಾಧಿ ಸಿಕ್ಕಿತು. ಹೆಣಕ್ಕೆ ತೊಡಿಸಿದ್ದು ಜೇಡ್ ಕಲ್ಲಿನ ಉಡುಪು. 2,498 ಕಲ್ಲಿನ ತುಂಡು, ಮೂಲೆಗಳಲ್ಲಿ ತೂತು, ಹೊಲಿಗೆಗೆ ಸುಮಾರು 1,100 ಗ್ರಾಂ ಬಂಗಾರದ ತಂತಿ. ಎರಡು ಸಾವಿರ ವರ್ಷಕ್ಕೂ ಹಳೆಯದು. ಬೆರಳಿಗೆ ಸಣ್ಣ ತುಂಡು, ಬೆನ್ನಿಗೆ ದೊಡ್ಡದು. ನಾನಾದರೂ ಹಾಗೇ ಕತ್ತರಿಸುತ್ತಿದ್ದೆ. ಟ್ರಯಲ್ ನೋಡಿ ಬಿಗಿ ಅನ್ನುವ ಗಿರಾಕಿ ಮಾತ್ರ ಅವರಿಗೆ ಇರಲಿಲ್ಲ.

ಒಂದು ವಿಚಿತ್ರ ಅಂದರೆ, ಬದುಕಿದ್ದವರಿಗೆ ಚೀನಾದವರು ಹೊಲಿಯುತ್ತಿದ್ದದ್ದು ಹೀಗಲ್ಲ. ಚಿಂಗ್ ದೊರೆಗಳ ಡ್ರ್ಯಾಗನ್ ನಿಲುವಂಗಿಯನ್ನು ತೋಳು ಚಾಚಿ ನೇತುಹಾಕಿದರೆ ಚಪ್ಪಟೆ. ಟಕ್ಸ್ ಇಲ್ಲ, ಹೆಗಲ ಮೇಲೆ ಹೊಲಿಗೆಯೂ ಇಲ್ಲ. ಮುಂದಿನಿಂದ ಹಿಂದಕ್ಕೆ ಬಟ್ಟೆ ಹಾಗೇ ಮಡಚಿ ಹೋಗುತ್ತದೆ. ಚೀಪಾವೊ ಅನ್ನುವ, ಹೆಂಗಸರ ಮೈಗಂಟುವ ಉಡುಪಿಗೂ ಟಕ್ಸ್ ಬಂದದ್ದು ಕಳೆದ ಶತಮಾನದಲ್ಲಿ. ಪಾತ್ರೆ ದುಂಡಗೆ, ಬಟ್ಟೆ ಚಪ್ಪಟೆ. ಈಗಿನ ಡಿಸೈನರ್‌ಗಳು ಆ ದುಂಡನೆಯ ಪಾತ್ರೆಯನ್ನು ಪಶ್ಚಿಮದ ಟೈಲರ್‌ಗಳ ಕತ್ತರಿಯಿಂದ ಬಟ್ಟೆಗೆ ಇಳಿಸುತ್ತಿದ್ದಾರೆ. ನಮಗಿದು ಹೊಸದೇನಲ್ಲ. ಸೀರೆ ಚಪ್ಪಟೆ, ಬ್ಲೌಸ್ ದುಂಡಗೆ. ಕಟೋರಿ ಬ್ಲೌಸ್ ಅಂತೀವಲ್ಲ, ಕಟೋರಿ ಅಂದರೆ ಬಟ್ಟಲು ತಾನೇ? ಇಷ್ಟು ವರ್ಷ ಪಾತ್ರೆಯನ್ನೇ ಹೊಲಿಯುತ್ತಿದ್ದೆ, ಹೊಳೆದಿರಲಿಲ್ಲ.

ಸರಿ, ಜಾಕೆಟ್ಟು. ಮೊದಲ ಸಲ ನಾನು ಸೋಮಾರಿತನ ಮಾಡಿದೆ. ಒಳಗೆ ಡಬಲ್ ಬಕ್ರಂ, ಅಂದರೆ ಗಡುಸು ಬಟ್ಟೆ, ಇಟ್ಟು ಇಸ್ತ್ರಿ ಒತ್ತಿ ಅಂಟಿಸಿದೆ. ನಿಂತಿತು, ಆದರೆ ರಟ್ಟಿನ ಪೆಟ್ಟಿಗೆಯ ಹಾಗೆ ನಿಂತಿತು. ಬಾಗಿಸಿದ ಕಡೆ ಗುಳ್ಳೆ ಎದ್ದವು. ಹುಡುಗಿ ಕೈ ಎತ್ತಿದರೆ ಇಡೀ ಜಾಕೆಟ್ ಕಿವಿವರೆಗೆ ಬರುತ್ತಿತ್ತು. ಎರಡೂವರೆ ಮೀಟರ್ ಬಟ್ಟೆ ದಂಡ.

ಆಗ ಅವಳೇ ಒಂದು ವಿಷಯ ಹೇಳಿದಳು. ಪಿಂಗಾಣಿಗೆ ಹೆಸರಾದ ಚೀನಾದ ಜಿಂಗ್‌ಡೆಜೆನ್ ಊರಿನ ಕುಂಬಾರರು ದೊಡ್ಡ ಹೂದಾನಿಯನ್ನು ಒಂದೇ ಸಲಕ್ಕೆ ತಿರುಗಿಸಿ ಎತ್ತುವುದಿಲ್ಲವಂತೆ. ಭಾಗ ಭಾಗ ಮಾಡಿ, ತೆಳು ಮಣ್ಣಿನ ಅಂಟಿನಿಂದ ಕೂಡಿಸುತ್ತಾರೆ. ಕೆಲವು ಹೂದಾನಿಗಳಲ್ಲಿ ಆ ಕೂಡು ಜಾಗ ಕೈಗೆ ಸಿಗುತ್ತದಂತೆ. ಅಂದರೆ ಹೂದಾನಿಗೂ ಹೊಲಿಗೆ ಇದೆ!

ಅಲ್ಲಿಂದ ದಾರಿ ಸಿಕ್ಕಿತು. ಟಕ್ಸ್ ಎಲ್ಲ ತೆಗೆದುಹಾಕಿದೆ. ಹೆಗಲು ಅತಿ ಅಗಲವಾಗುವ ಗೆರೆಯಲ್ಲಿ ಅಡ್ಡಕ್ಕೆ ಒಂದು ಜೋಡು ಕೊಟ್ಟೆ. ಟಕ್ಸ್‌ನಲ್ಲಿ ಮಡಚಿ ಒಳಗೆ ಹೋಗಬೇಕಾದ ಬಟ್ಟೆಯನ್ನು ಆ ಗೆರೆಯಲ್ಲೇ ಕತ್ತರಿಸಿ ತೆಗೆದೆ. ಸೂಟು ಹೊಲಿಯುವ ಹಳೇ ಮಾಸ್ಟ್ರೊಬ್ಬರ ಹತ್ತಿರ ಕುದುರೆ ಕೂದಲಿನ ಕ್ಯಾನ್ವಾಸ್ ಕೇಳಿ ತಂದೆ. ಅಂಟು ಇಲ್ಲ, ಕೈಟಾಕಿ. ಬಟ್ಟೆ, ಕ್ಯಾನ್ವಾಸ್ ಎರಡನ್ನೂ ಬಾಗಿಸಿ ಹಿಡಿದು ಒಳಗಿನಿಂದ ಓರೆಯಾಗಿ ಸಣ್ಣ ಸಣ್ಣ ಟಾಕಿ ಹಾಕಬೇಕು. ಹೊರಗಿನ ಬಟ್ಟೆಯ ಒಂದೇ ಎಳೆ ಸೂಜಿಗೆ ಸಿಗಬೇಕು, ಮೇಲೆ ಕಾಣಬಾರದು. ಬಾಗಿದಾಗ ಹೊರಗಿನದಕ್ಕೆ ದಾರಿ ಉದ್ದ, ಒಳಗಿನದಕ್ಕೆ ಗಿಡ್ಡ. ಆ ವ್ಯತ್ಯಾಸವನ್ನು ಟಾಕಿ ಹಿಡಿದುಕೊಳ್ಳುತ್ತದೆ. ಕೈ ಬಿಟ್ಟರೂ ಬಟ್ಟೆ ಬಾಗಿಯೇ ಇರುತ್ತದೆ. ಒಂದು ಹೆಗಲಿಗೆ ಎರಡು ಸಂಜೆ ಹಿಡಿಯಿತು. ಕತ್ತು ನೋವು ಇನ್ನೂ ಇದೆ.

ಕೈ ಎತ್ತುವ ತೊಂದರೆಗೆ ಕಂಕುಳ ಕಟಿಂಗ್ ಮೇಲಕ್ಕೆ ಏರಿಸಿದೆ. ಹಳೇ ಜುಬ್ಬಾಗಳಿಗೆ ಇಡುತ್ತಿದ್ದರಲ್ಲ, ಆ ಥರ ಒಂದು ಚೌಕ ತುಂಡೂ ಇಟ್ಟೆ.

ಆದರೆ ಅಡ್ಡ ಜೋಡು ಕಣ್ಣಿಗೆ ಹೊಡೆಯುತ್ತಿತ್ತು. "ಇದನ್ನ ಹೇಗಾದ್ರೂ ಮುಚ್ಚು ದೊಡ್ಡಮ್ಮ" ಅಂದಳು. ನನಗೆ ಮ್ಯೂಸಿಯಮ್ಮಿನ ಕಂಚಿನ ಪಾತ್ರೆಗಳು ನೆನಪಾದವು. ಮೂರು ಸಾವಿರ ವರ್ಷದ ಹಿಂದಿನ ಶಾಂಗ್ ಕಾಲದವು. ಮೈ ಮೇಲೆ ನೆಟ್ಟಗೆ ಎದ್ದ ಹಲ್ಲಿನಂಥ ಏಣುಗಳು. ಮಗ ಬೋರ್ಡು ಓದಿ ಹೇಳಿದ್ದ: ಆ ಪಾತ್ರೆಗಳನ್ನು ಮಣ್ಣಿನ ಅಚ್ಚಿನ ತುಂಡುಗಳನ್ನು ಜೋಡಿಸಿ ಎರಕ ಹೊಯ್ಯುತ್ತಿದ್ದರು, ಏಣು ಬಂದಿರುವುದು ಅಚ್ಚುಗಳು ಕೂಡುವ ಗೆರೆಯ ಮೇಲೆಯೇ. ಮುಚ್ಚಿಡಬೇಕಾದ ಜಾಗಕ್ಕೇ ಒಡವೆ ತೊಡಿಸಿದ್ದರು.

ಬಿಳಿ ಜಾಕೆಟ್ಟಿನ ಆ ಜೋಡಿಗೆ ಕಡುನೀಲಿ ಪೈಪಿಂಗ್ ಕೊಟ್ಟೆ, ಒಂದಿಷ್ಟು ದಪ್ಪಗೇ. ಹುಡುಗಿ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಹಾಕಿಕೊಂಡು, ಮೇಲಿನ ಶೆಲ್ಫಿನಿಂದ ಬಾಬಿನ್ ಡಬ್ಬ ತೆಗೆದು ನನ್ನ ಕೈಗೆ ಕೊಟ್ಟಳು. ಜಾಕೆಟ್ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಹೊರಡುವಾಗ ಗೊತ್ತಾಯಿತು, ಇದನ್ನು ಮಡಚುವ ಹಾಗಿಲ್ಲ. ಡ್ರ್ಯಾಗನ್ ನಿಲುವಂಗಿ ಮಡಚಬಹುದು, ಸೀರೆ ಮಡಚಬಹುದು. ಹೂದಾನಿ ಮಡಚೋದು ಹೇಗೆ? ಬ್ಯಾಗಿಗೆ ಹಿಡಿಸಲಿಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಅದನ್ನು ತೊಟ್ಟುಕೊಂಡೇ ನಿಂತಿದ್ದಳಂತೆ. ಮಂಡ್ಯದಲ್ಲಿ ಒಂದು ಅಜ್ಜಿ ಹತ್ತಿ, ಅವಳ ಹೆಗಲು ಮುಟ್ಟಿ ನೋಡಿ, "ಒಳಗೇನಮ್ಮ ಇಟ್ಟಿದೀಯ?" ಅಂತ ಕೇಳಿತಂತೆ.